ತೆರಿಗೆಯ ಒಪ್ಪಿಗೆಯಿಂದ ಬೆಳೆದ ಇಂಗ್ಲೆಂಡಿನ ಪಾರ್ಲಿಮೆಂಟು

1066ರ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸ್ ಕಾಳಗವನ್ನು ಗೆದ್ದ ನಾರ್ಮಂಡಿಯ ಡ್ಯೂಕ್ ವಿಲಿಯಂ, ಇಂಗ್ಲೆಂಡಿನ ಕಿರೀಟದ ಜೊತೆಗೆ ಆ ನಾಡಿನ ನೆಲದ ಮೇಲೂ ಒಡೆತನ ಸ್ಥಾಪಿಸಿದ. ಸೋತ ಆಂಗ್ಲೋ-ಸ್ಯಾಕ್ಸನ್ ಧಣಿಗಳ ಜಮೀನು, ಅವನೊಡನೆ ಕಡಲು ದಾಟಿ ಬಂದ ನಾರ್ಮನ್ ಮುಖಂಡರ ಪಾಲಾಯಿತು. ಆದರೆ ಅದು ಕರಾರಿನ ಮೇಲೆ ಸಿಕ್ಕ ಭೂಮಿ. ಇಷ್ಟು ಜಮೀನಿಗೆ ಇಷ್ಟು ಮಂದಿ ಕುದುರೆ ಸವಾರ ಯೋಧರನ್ನು, ಅಂದರೆ ನೈಟ್‌ಗಳನ್ನು, ದೊರೆ ಕರೆದಾಗ ಕರೆದುಕೊಂಡು ಬರಬೇಕು. ರಾಜನಿಂದ ನೇರವಾಗಿ ಭೂಮಿ ಪಡೆದ ಈ ದೊಡ್ಡ ಹಿಡುವಳಿದಾರರೇ ಬ್ಯಾರನ್‌ಗಳು. ಯಾರ ಬಳಿ ಎಷ್ಟು ನೇಗಿಲು, ಎಷ್ಟು ಹುಲ್ಲುಗಾವಲು, ಎಷ್ಟು ಗಿರಣಿ ಇದೆ ಎಂಬುದನ್ನೆಲ್ಲ 1086ರಲ್ಲಿ ಬರೆಸಿದ ಡೂಮ್ಸ್‌ಡೇ ದಾಖಲೆ ಈ ಹೊಸ ವ್ಯವಸ್ಥೆಯ ಲೆಕ್ಕದ ಪುಸ್ತಕವಾಯಿತು.

ಕರಾರಿನಿಂದ ರಾಜನಿಗೆ ಸೈನ್ಯವಷ್ಟೇ ಅಲ್ಲ, ಆದಾಯವೂ ಬರುತ್ತಿತ್ತು. ಬ್ಯಾರನ್ ತೀರಿಕೊಂಡರೆ ಮಗ ಕಾಣಿಕೆ ಸಲ್ಲಿಸಿದ ಮೇಲೆಯೇ ಆಸ್ತಿಗೆ ಬರಬೇಕು. ಮಗ ಚಿಕ್ಕವನಾಗಿದ್ದರೆ ಅವನು ಪ್ರಾಯಕ್ಕೆ ಬರುವವರೆಗೆ ಜಮೀನಿನ ಹುಟ್ಟುವಳಿ ರಾಜನಿಗೆ. ಹೆಣ್ಣುಮಗಳ ಮದುವೆಗೂ ವಿಧವೆಯ ಮರುಮದುವೆಗೂ ರಾಜನ ಅಪ್ಪಣೆ ಬೇಕು. ದಂಡಿಗೆ ಹೋಗದವರು ಅದರ ಬದಲಿಗೆ ಸ್ಕ್ಯೂಟೇಜ್ ಎಂಬ ಹಣ ಕಟ್ಟಬೇಕು. ಇವುಗಳ ಮೇಲೆ ವಿಶೇಷ ನೆರವು ಕೇಳಲು ರಾಜನಿಗೆ ಮೂರೇ ಸಂದರ್ಭಗಳಲ್ಲಿ ಹಕ್ಕಿತ್ತು: ತಾನು ಶತ್ರುವಿನ ಸೆರೆಯಲ್ಲಿದ್ದರೆ ಬಿಡುಗಡೆಯ ಹಣಕ್ಕೆ, ಹಿರಿಯ ಮಗನಿಗೆ ನೈಟ್ ಪದವಿ ಕೊಡುವಾಗ, ಹಿರಿಯ ಮಗಳ ಮದುವೆಗೆ. ನಾಲ್ಕನೆಯ ಕಾರಣಕ್ಕೆ ಹಣ ಬೇಕಾದರೆ ಕೇಳಿ, ಒಪ್ಪಿಸಿ ಪಡೆಯಬೇಕು. ಪಾರ್ಲಿಮೆಂಟಿನ ಅಧಿಕಾರಕ್ಕೆ ಬುನಾದಿಯಾದದ್ದು ಈ ನಾಲ್ಕನೆಯ ಕಾರಣ, ಮತ್ತು ಆ ಕಾರಣ ಬಹುಪಾಲು ಯುದ್ಧವೇ.

ನಾರ್ಮನ್ನರು ಹಳೆಯದನ್ನೆಲ್ಲ ಕಿತ್ತುಹಾಕಲಿಲ್ಲ. ಆಂಗ್ಲೋ-ಸ್ಯಾಕ್ಸನ್ ಕಾಲದಲ್ಲಿ ನಾಡು ಕೌಂಟಿಗಳಾಗಿ ಹಂಚಿಹೋಗಿತ್ತು. ಪ್ರತಿ ಕೌಂಟಿಗೂ ಒಂದು ಸಭೆ, ಅದಕ್ಕೆ ರಾಜನ ಅಧಿಕಾರಿಯಾದ ಶೆರಿಫ್ ಮುಖ್ಯಸ್ಥ. ಸ್ಥಳೀಯ ಹಿಡುವಳಿದಾರರು ನಿಯತವಾಗಿ ಅಲ್ಲಿ ಸೇರಿ ವ್ಯಾಜ್ಯ ತೀರಿಸುತ್ತಿದ್ದರು, ರಾಜಾಜ್ಞೆ ಕೇಳುತ್ತಿದ್ದರು. ವಿಲಿಯಂ ಇದನ್ನು ಉಳಿಸಿಕೊಂಡ. ಮುಂದೆ ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದ್ದು ಈ ಕೌಂಟಿ ಸಭೆಗಳೇ. ಬ್ಯಾರನ್‌ಗಳ ಬಂಡಾಯದ ಕಥೆ ಹೇಳುವ ಭರದಲ್ಲಿ ಇವುಗಳನ್ನು ಮರೆಯುವುದುಂಟು. ಆದರೆ ಊರ ಮಟ್ಟದಲ್ಲಿ ಕೂಡಿ ತೀರ್ಮಾನಿಸುವ ಅಭ್ಯಾಸ ಇಲ್ಲದಿದ್ದರೆ ಪ್ರಾತಿನಿಧ್ಯ ಎಂಬುದು ಬೇರೂರುತ್ತಿರಲಿಲ್ಲ.

ಶೆರಿಫ್‌ಗಳು ವರ್ಷಕ್ಕೆ ಎರಡು ಸಲ, ಈಸ್ಟರ್ ಮತ್ತು ಮೈಕೇಲ್ಮಸ್ ಹಬ್ಬಗಳ ಹೊತ್ತಿಗೆ, ರಾಜನ ಎಕ್ಸ್‌ಚೆಕರ್ ಕಚೇರಿಗೆ ಬಂದು ಲೆಕ್ಕ ಒಪ್ಪಿಸಬೇಕಿತ್ತು. ಚೌಕಳಿ ಬಟ್ಟೆ ಹಾಸಿದ ದೊಡ್ಡ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟು, ಸರಿಸಿ, ಎಣಿಸುತ್ತಿದ್ದರು. ಕಟ್ಟಿದ ಹಣಕ್ಕೆ ರಸೀದಿಯಾಗಿ ಮರದ ಕಡ್ಡಿಯೊಂದರಲ್ಲಿ ಕಚ್ಚು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನ ಅಗಲ, ಇಪ್ಪತ್ತಕ್ಕೆ ಕಿರುಬೆರಳು, ಒಂದು ಪೌಂಡಿಗೆ ಜವೆಗೋಧಿ ಕಾಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಕಟ್ಟಿದವನಿಗೆ ಕೊಟ್ಟು, ಇನ್ನೊಂದನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎರಡನ್ನೂ ಜೋಡಿಸಿದಾಗ ಕಚ್ಚುಗಳು ಹೊಂದಿದರೆ ಲೆಕ್ಕ ಸರಿ. ಹನ್ನೆರಡನೆಯ ಶತಮಾನದಲ್ಲಿ ಇಷ್ಟು ಬಿಗಿಯಾದ ಹಣಕಾಸು ಆಡಳಿತ ಯೂರೋಪಿನಲ್ಲಿ ಅಪರೂಪ. ಇಂಗ್ಲೆಂಡಿನ ರಾಜ ದುರ್ಬಲನಾಗಿದ್ದುದರಿಂದ ಪಾರ್ಲಿಮೆಂಟು ಹುಟ್ಟಿತೆಂಬ ಮಾತು ಅದಕ್ಕೇ ನಿಲ್ಲುವುದಿಲ್ಲ. ಅವನ ಕೈ ಪ್ರತಿ ಊರಿನ ಕಣಜದವರೆಗೂ ಚಾಚುತ್ತಿತ್ತು. ಅಷ್ಟು ದೂರ ಚಾಚುವ ಕೈಯನ್ನು ಹಿಡಿದು ನಿಲ್ಲಿಸಲು ಇಡೀ ನಾಡೇ ಒಟ್ಟಾಗಬೇಕಾಯಿತು.

ಒಟ್ಟಾಗುವ ಸಂದರ್ಭ ಬಂದದ್ದು ಜಾನ್ ದೊರೆಯ ಕಾಲದಲ್ಲಿ. 1204ರಲ್ಲಿ ನಾರ್ಮಂಡಿಯನ್ನು ಫ್ರಾನ್ಸಿನ ರಾಜನಿಗೆ ಕಳೆದುಕೊಂಡ ಜಾನ್, ಅದನ್ನು ಮರಳಿ ಪಡೆಯಲು ಹತ್ತು ವರ್ಷ ಹಣ ಕೂಡಿಹಾಕಿದ. ಸ್ಕ್ಯೂಟೇಜನ್ನು ತನ್ನ ಆಳ್ವಿಕೆಯಲ್ಲಿ ಹನ್ನೊಂದು ಸಲ ಹೇರಿದ. 1207ರಲ್ಲಿ ಎಲ್ಲರ ಚರಾಸ್ತಿಯ ಮೇಲೆ ಹದಿಮೂರನೆಯ ಒಂದು ಪಾಲು ತೆರಿಗೆ ಹಾಕಿ ಸುಮಾರು 60,000 ಪೌಂಡು ಎತ್ತಿದ. ಅಷ್ಟು ದೊಡ್ಡ ಮೊತ್ತವನ್ನು ಇಂಗ್ಲೆಂಡು ಒಂದೇ ಏಟಿಗೆ ಕೊಟ್ಟದ್ದು ಕಡಿಮೆ. ನಿಕೋಲಸ್ ಡಿ ಸ್ಟಟ್‌ವಿಲ್ ಎಂಬ ಬ್ಯಾರನ್ ತನ್ನ ಮನೆತನದ ಆಸ್ತಿಗೆ ಬರಲು 10,000 ಮಾರ್ಕ್ ಕಾಣಿಕೆ ಒಪ್ಪಿಕೊಳ್ಳಬೇಕಾಯಿತು. ಒಂದು ಮಾರ್ಕ್ ಎಂದರೆ ಪೌಂಡಿನ ಮೂರನೆಯ ಎರಡು ಪಾಲು. ಮುಂದೆ ಮ್ಯಾಗ್ನಾ ಕಾರ್ಟಾ ಇಂಥ ಕಾಣಿಕೆಯನ್ನು 100 ಪೌಂಡಿಗೆ ಮಿತಿಗೊಳಿಸಿತು ಎಂಬುದನ್ನು ನೆನೆದರೆ ಜಾನನ ವಸೂಲಿ ಎಷ್ಟು ನಿಷ್ಠುರವಾಗಿತ್ತೆಂದು ತಿಳಿಯುತ್ತದೆ. ಇಷ್ಟೆಲ್ಲ ಮಾಡಿಯೂ 1214ರ ಜುಲೈನಲ್ಲಿ ಬೂವೀನ್ ಕದನದಲ್ಲಿ ಅವನ ಮಿತ್ರಪಡೆ ಮಣ್ಣುಮುಕ್ಕಿತು. ಹಣವೂ ಹೋಯಿತು, ನಾರ್ಮಂಡಿಯೂ ಬರಲಿಲ್ಲ.

ಮರುವರ್ಷ ಬಂಡೆದ್ದ ಬ್ಯಾರನ್‌ಗಳು ಮೇ ತಿಂಗಳಲ್ಲಿ ಲಂಡನ್ನನ್ನು ಹಿಡಿದರು. ಜೂನ್ 15ರಂದು ಥೇಮ್ಸ್ ದಂಡೆಯ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಜಾನ್ ಅವರ ಬೇಡಿಕೆಗಳಿಗೆ ಒಪ್ಪಿದ. ಆ ಒಪ್ಪಂದದ ಸನ್ನದೇ ಮ್ಯಾಗ್ನಾ ಕಾರ್ಟಾ. ಮ್ಯಾಗ್ನಾ ಕಾರ್ಟಾದ ಬಹುಪಾಲು ಕಲಮುಗಳು ಕಾಣಿಕೆ, ಪೋಷಕತ್ವ, ವಿಧವೆಯರ ಹಕ್ಕು, ಸಾಲ, ಕಾಡು, ಅಳತೆ-ತೂಕಗಳಂಥ ವ್ಯವಹಾರದ ವಿಷಯಗಳೇ. ನಾಡಿನ ನ್ಯಾಯದ ಪ್ರಕಾರವಲ್ಲದೆ ಸ್ವತಂತ್ರ ಮನುಷ್ಯನನ್ನು ಸೆರೆಹಿಡಿಯಬಾರದು ಎಂಬ 39ನೆಯ ಕಲಮು ಹೆಚ್ಚು ಪ್ರಸಿದ್ಧ. ಪಾರ್ಲಿಮೆಂಟಿನ ಚರಿತ್ರೆಗೆ 12 ಮತ್ತು 14ನೆಯ ಕಲಮುಗಳು ಮುಖ್ಯ. ವಾಡಿಕೆಯ ಮೂರು ನೆರವುಗಳನ್ನು ಬಿಟ್ಟು ಬೇರಾವ ನೆರವನ್ನೂ ಸ್ಕ್ಯೂಟೇಜನ್ನೂ ನಾಡಿನ ಸಾಮಾನ್ಯ ಸಮ್ಮತಿ ಇಲ್ಲದೆ ಎತ್ತಬಾರದು. ಆ ಸಮ್ಮತಿ ಪಡೆಯಲು ಬಿಷಪ್‌, ಅರ್ಲ್ ಮತ್ತು ದೊಡ್ಡ ಬ್ಯಾರನ್‌ಗಳನ್ನು ಒಬ್ಬೊಬ್ಬರಿಗೂ ಪತ್ರ ಬರೆದು, ಉಳಿದವರನ್ನು ಶೆರಿಫ್ ಮೂಲಕ, 40 ದಿನ ಮೊದಲೇ ಕಾರಣ ತಿಳಿಸಿ ಕರೆಯಬೇಕು.

ಈ ಒಪ್ಪಂದ ಬಾಳಿದ್ದು ಕೆಲವೇ ವಾರ. ಜಾನನ ಕೋರಿಕೆಯಂತೆ ಪೋಪ್ ಮೂರನೆಯ ಇನ್ನೊಸೆಂಟ್ ಆಗಸ್ಟಿನಲ್ಲಿ ಅದನ್ನು ರದ್ದುಮಾಡಿದ. ಅಂತರ್ಯುದ್ಧದ ನಡುವೆ 1216ರಲ್ಲಿ ಜಾನ್ ಸತ್ತ. ಒಂಬತ್ತು ವರ್ಷದ ಮಗ ಮೂರನೆಯ ಹೆನ್ರಿಯ ಪರವಾಗಿ ಆಡಳಿತ ಹಿಡಿದ ವಿಲಿಯಂ ಮಾರ್ಷಲ್, ಬಂಡಾಯಗಾರರನ್ನು ಒಲಿಸಿಕೊಳ್ಳಲು ಸನ್ನದನ್ನು ಮತ್ತೆ ಹೊರಡಿಸಿದ, ಆದರೆ 12 ಮತ್ತು 14ನೆಯ ಕಲಮುಗಳನ್ನು ಬಿಟ್ಟು. ಬಿಟ್ಟುಹೋದದ್ದು ಆಚರಣೆಯಲ್ಲಿ ಉಳಿಯಿತು. 1225ರಲ್ಲಿ, ಫ್ರಾನ್ಸಿನಲ್ಲಿ ರಾಜನಿಗೆ ಉಳಿದಿದ್ದ ಗಾಸ್ಕನಿಯ ರಕ್ಷಣೆಗೆ ಹಣ ಬೇಕಾದಾಗ ನಾಡು ಚರಾಸ್ತಿಯ ಹದಿನೈದನೆಯ ಒಂದು ಪಾಲನ್ನು ಕೊಡಲು ಒಪ್ಪಿತು. ಪ್ರತಿಯಾಗಿ ರಾಜ ಮ್ಯಾಗ್ನಾ ಕಾರ್ಟಾವನ್ನು ಸ್ವಇಚ್ಛೆಯಿಂದ ಮತ್ತೆ ಘೋಷಿಸಿದ. ಕತ್ತಿಯ ಮೊನೆಯಲ್ಲಿ ಪಡೆದ 1215ರ ಸನ್ನದಿಗಿಂತ ಹಣ ಕೊಟ್ಟು ಪಡೆದ 1225ರ ಸನ್ನದು ಗಟ್ಟಿ. ಕಾನೂನಾಗಿ ಉಳಿದದ್ದೂ ಅದೇ. ಮುಂದಿನ ಇನ್ನೂರೈವತ್ತು ವರ್ಷ ಪಾರ್ಲಿಮೆಂಟಿನಲ್ಲಿ ನಡೆದ ಕೊಡು-ಕೊಳ್ಳುವಿಕೆಗೆಲ್ಲ ಇದು ಮಾದರಿಯಾಯಿತು.

ದೊಡ್ಡವರು ರಾಜನೊಡನೆ ಸೇರುವ ಸಭೆಗೆ ಪಾರ್ಲಿಮೆಂಟು ಎಂಬ ಹೆಸರು ಸರ್ಕಾರಿ ದಾಖಲೆಯಲ್ಲಿ ಕಾಣುವುದು 1236ರಿಂದ. 1237ರಲ್ಲಿ ಅಂಥ ಸಭೆ ಹೆನ್ರಿಗೆ ತೆರಿಗೆ ಕೊಟ್ಟಿತು. ಆಮೇಲೆ ಮೂವತ್ತು ವರ್ಷ ಅವನು ಎಷ್ಟು ಸಲ ಕೇಳಿದರೂ ಇಲ್ಲ ಎಂಬುದೇ ಉತ್ತರ. ಫ್ರಾನ್ಸಿನಿಂದ ಬಂದ ಬಂಧುಗಳಿಗೆ ಆಸ್ತಿ ಹಂಚುತ್ತಾನೆ, ಕೇಳದೆ ದಂಡಯಾತ್ರೆಗೆ ಹೊರಡುತ್ತಾನೆ ಎಂಬ ದೂರುಗಳು ಬೆಳೆದವು. 1254ರಲ್ಲಿ ಹೆನ್ರಿ ಗಾಸ್ಕನಿಯಲ್ಲಿದ್ದಾಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ರಾಣಿ ಎಲಿನರ್ ಮತ್ತು ರಾಜನ ತಮ್ಮ ರಿಚರ್ಡ್, ಪ್ರತಿ ಕೌಂಟಿಯಿಂದ ಇಬ್ಬರು ನೈಟ್‌ಗಳನ್ನು ಆರಿಸಿ ಕಳುಹಿಸುವಂತೆ ಶೆರಿಫ್‌ಗಳಿಗೆ ಬರೆದರು. ಯಾವ ಕೌಂಟಿ ಎಷ್ಟು ಕೊಡಬಲ್ಲದೆಂದು ಅವರ ಬಾಯಿಂದಲೇ ಕೇಳುವುದು ಉದ್ದೇಶ. ಬ್ಯಾರನ್‌ಗಳು ತಮ್ಮ ಪಾಲಿಗೆ ಒಪ್ಪಬಹುದು, ಊರವರ ಪಾಲಿಗೆ ಒಪ್ಪಲಾರರು ಎಂಬ ಅರಿವು ಆ ಕರೆಯಲ್ಲಿದೆ.

ಇದೇ ಹೊತ್ತಿಗೆ ಹೆನ್ರಿ ತನ್ನ ಕಿರಿಯ ಮಗ ಎಡ್ಮಂಡನಿಗೆ ಸಿಸಿಲಿಯ ಸಿಂಹಾಸನ ಕೊಡಿಸುವ ಆಸೆಯಿಂದ ಪೋಪನ ಯುದ್ಧದ ಸಾಲವನ್ನು ತಲೆಯ ಮೇಲೆ ಹೊತ್ತುಕೊಂಡ. ಮೊತ್ತ 1,35,000 ಮಾರ್ಕ್‌ಗೂ ಹೆಚ್ಚು. 1258ರ ಏಪ್ರಿಲಿನಲ್ಲಿ ಬ್ಯಾರನ್‌ಗಳು ಆಯುಧ ಧರಿಸಿಯೇ ವೆಸ್ಟ್‌ಮಿನ್‌ಸ್ಟರಿಗೆ ಬಂದರು. ಜೂನ್ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಪಾರ್ಲಿಮೆಂಟು ರಾಜನ ಮೇಲೆ ಹದಿನೈದು ಮಂದಿಯ ಮಂಡಳಿಯನ್ನು ಕೂರಿಸಿತು. ವರ್ಷಕ್ಕೆ ಮೂರು ಸಲ ಪಾರ್ಲಿಮೆಂಟು ಸೇರಬೇಕೆಂದು ಗೊತ್ತುಮಾಡಿತು. ಈ ಸುಧಾರಣೆಗಳನ್ನು ಕುರಿತ ರಾಜನ ಘೋಷಣೆ ಆ ವರ್ಷ ಇಂಗ್ಲಿಷಿನಲ್ಲೂ ಹೊರಟಿತು. ಫ್ರೆಂಚ್ ಆಡುವ ಆಳುವ ವರ್ಗ ಹಳ್ಳಿಯವರ ಭಾಷೆಯಲ್ಲಿ ಮಾತನಾಡಿತೆಂದರೆ ಹಳ್ಳಿಯವರ ಬೆಂಬಲ ಅದಕ್ಕೆ ಬೇಕಾಗಿತ್ತೆಂದೇ ಅರ್ಥ.

ಈ ಸುಧಾರಣೆಗಳನ್ನು ಪಾಲಿಸುವೆನೆಂದು ಇಟ್ಟಿದ್ದ ಆಣೆಯ ಬಂಧನವನ್ನು ಹೆನ್ರಿ ಪೋಪನಿಂದ ಬಿಡಿಸಿಕೊಂಡ ಮೇಲೆ ಜಗಳ ಯುದ್ಧಕ್ಕೆ ತಿರುಗಿತು. ಸುಧಾರಕರ ನಾಯಕ ಸೈಮನ್ ಡಿ ಮಾಂಟ್‌ಫರ್ಟ್, ಲೆಸ್ಟರಿನ ಅರ್ಲ್, ರಾಜನ ತಂಗಿಯ ಗಂಡ. 1264ರ ಮೇ 14ರಂದು ಲ್ಯೂಸ್ ಕದನದಲ್ಲಿ ಅವನು ರಾಜನನ್ನೇ ಸೆರೆಹಿಡಿದ. 1265ರ ಜನವರಿ 20ರಂದು ಸೇರಿದ ಅವನ ಪಾರ್ಲಿಮೆಂಟಿಗೆ ಕೌಂಟಿಗೆ ಇಬ್ಬರು ನೈಟ್‌ಗಳ ಜೊತೆ ಪಟ್ಟಣಗಳ ಪ್ರತಿನಿಧಿಗಳಿಗೂ ಕರೆ ಹೋಯಿತು. ಅವನಲ್ಲಿ ತತ್ವನಿಷ್ಠೆ ಇತ್ತು, ಒಪ್ಪಬೇಕು. ಆದರೆ ಲೆಕ್ಕಾಚಾರವೂ ಇತ್ತು: ಬಹುಪಾಲು ಬ್ಯಾರನ್‌ಗಳು ಅವನ ಕೈಬಿಟ್ಟಿದ್ದರು, ಆ ಸಭೆಗೆ ಕರೆಸಿಕೊಂಡ ಅರ್ಲ್ ಮತ್ತು ಬ್ಯಾರನ್‌ಗಳು ಇಪ್ಪತ್ಮೂರೇ ಮಂದಿ. ಆಗಸ್ಟ್ 4ರಂದು ಈವ್‌ಶಮ್‌ನಲ್ಲಿ ರಾಜಕುಮಾರ ಎಡ್ವರ್ಡನ ಪಡೆ ಅವನನ್ನು ಕೊಂದು ದೇಹವನ್ನು ತುಂಡರಿಸಿತು.

ಮಾಂಟ್‌ಫರ್ಟನ ಪ್ರಯೋಗವನ್ನು ವಾಡಿಕೆಯಾಗಿಸಿದವನು ಅವನನ್ನು ಕೊಲ್ಲಿಸಿದ ಎಡ್ವರ್ಡನೇ. 1272ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಎಡ್ವರ್ಡ್ ಪಾರ್ಲಿಮೆಂಟನ್ನು ಆಳ್ವಿಕೆಯ ಸಾಧನವಾಗಿ ಕಂಡ. ಅವನ ಸಭೆಗಳಲ್ಲಿ ಶಾಸನಗಳು ಪ್ರಕಟವಾದವು, ಕ್ಲಿಷ್ಟ ವ್ಯಾಜ್ಯಗಳು ತೀರ್ಮಾನವಾದವು. ನಾಡಿನ ಮೂಲೆಮೂಲೆಯಿಂದ ಶೆರಿಫನ ಲಂಚ, ಒತ್ತುವರಿ, ಅನ್ಯಾಯದ ಸೆರೆಗಳ ಬಗ್ಗೆ ಅರ್ಜಿಗಳು ಬಂದವು. ಅರ್ಜಿಗಳು ಎಷ್ಟು ಹೆಚ್ಚಿದವೆಂದರೆ ಅವನ್ನು ಪಡೆಯಲು, ವಿಂಗಡಿಸಲು ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಬೇಕಾಯಿತು. ಬಡವನ ದೂರು ದೊರೆಯ ಕಿವಿಗೆ ಬೀಳುವ ಜಾಗವೆಂದು ಜನ ಪಾರ್ಲಿಮೆಂಟನ್ನು ನಂಬತೊಡಗಿದ್ದು ಹೀಗೆ. 1275ರಲ್ಲಿ ಉಣ್ಣೆಯ ರಫ್ತಿನ ಮೇಲೆ ಮೂಟೆಗೆ ಅರ್ಧ ಮಾರ್ಕ್ ಸುಂಕಕ್ಕೆ ಪಾರ್ಲಿಮೆಂಟು ಒಪ್ಪಿತು. ಉಣ್ಣೆ ಅಂದಿನ ಇಂಗ್ಲೆಂಡಿನ ಸಂಪತ್ತಿನ ತಾಯಿಬೇರು. ಫ್ಲಾಂಡರ್ಸಿನ ಮಗ್ಗಗಳು ಅದರಿಂದಲೇ ನಡೆಯುತ್ತಿದ್ದವು.

ವೇಲ್ಸ್, ಫ್ರಾನ್ಸ್, ಸ್ಕಾಟ್ಲೆಂಡ್ ಮೂರೂ ಕಡೆ ಎಡ್ವರ್ಡನಿಗೆ ಯುದ್ಧ. 1295ರಲ್ಲಿ ಅವನು ಕರೆದ ಪಾರ್ಲಿಮೆಂಟಿನಲ್ಲಿ ಬಿಷಪ್‌ಗಳು, ಕೆಳಹಂತದ ಪಾದ್ರಿಗಳ ಪ್ರತಿನಿಧಿಗಳು, ಅರ್ಲ್-ಬ್ಯಾರನ್‌ಗಳು, ಕೌಂಟಿಗೆ ಇಬ್ಬರು ನೈಟ್‌ಗಳು, ಪಟ್ಟಣಕ್ಕೆ ಇಬ್ಬರು ನಾಗರಿಕರು ಇದ್ದರು. ಎಲ್ಲರಿಗೂ ತಟ್ಟುವ ವಿಷಯಕ್ಕೆ ಎಲ್ಲರ ಒಪ್ಪಿಗೆ ಬೇಕೆಂಬ ರೋಮನ್ ನ್ಯಾಯದ ಮಾತನ್ನು ಬಿಷಪ್‌ಗಳಿಗೆ ಹೋದ ಕರೆಯೋಲೆಯಲ್ಲಿ ಬಳಸಲಾಗಿತ್ತು. ಬರುವ ಪ್ರತಿನಿಧಿಗಳಿಗೆ ತಮ್ಮ ಊರಿನ ಪರವಾಗಿ ಒಪ್ಪುವ ಪೂರ್ಣ ಅಧಿಕಾರ ಇರಬೇಕೆಂದು ಶೆರಿಫ್‌ಗಳಿಗೆ ತಾಕೀತು ಮಾಡಲಾಗಿತ್ತು. ಇದು ರಾಜನ ಅನುಕೂಲಕ್ಕೆ ಹಾಕಿದ ಷರತ್ತು: ವೆಸ್ಟ್‌ಮಿನ್‌ಸ್ಟರಿನಲ್ಲಿ ತಲೆಯಾಡಿಸಿ ಊರಿಗೆ ಹೋದವರು ‘ನಮ್ಮವರು ಒಪ್ಪಲಿಲ್ಲ’ ಎಂದು ಜಾರಿಕೊಳ್ಳಬಾರದು. ಆದರೆ ಊರಿಗೆಲ್ಲ ಬಾಧ್ಯವಾಗುವಂತೆ ಹೂಂ ಎನ್ನಬಲ್ಲವನಿಗೆ ಊರಿನ ಹೆಸರಲ್ಲೇ ಉಹುಂ ಎನ್ನುವ ಬಲವೂ ಬರುತ್ತದೆ.

ಅದು 1297ರಲ್ಲೇ ಗೊತ್ತಾಯಿತು. ಎಡ್ವರ್ಡ್ ಉಣ್ಣೆಯ ಸುಂಕವನ್ನು ಮೂಟೆಗೆ 40 ಷಿಲಿಂಗಿಗೆ ಏರಿಸಿದ್ದ. ತನ್ನ ಕೋಣೆಯಲ್ಲಿ ಸುತ್ತ ನಿಂತಿದ್ದ ಕೆಲವರನ್ನೇ ಒಪ್ಪಿಸಿಕೊಂಡು ಹೊಸ ತೆರಿಗೆ ಹೇರಿದನೆಂದು ಅಂದಿನ ಬಖೈರುಕಾರನೊಬ್ಬ ದೂರಿದ್ದಾನೆ. ರಾಜ ಫ್ಲಾಂಡರ್ಸಿಗೆ ಹಡಗು ಹತ್ತಲು ಹೊರಟಾಗ ನಾರ್ಫಕ್ ಮತ್ತು ಹೆರಿಫರ್ಡಿನ ಅರ್ಲ್‌ಗಳು ನೇರ ಎಕ್ಸ್‌ಚೆಕರ್ ಕಚೇರಿಗೆ ಹೋಗಿ ಆ ತೆರಿಗೆಯ ವಸೂಲಿಯನ್ನು ತಡೆದರು. ಸೆಪ್ಟೆಂಬರಿನಲ್ಲಿ ಸ್ಟರ್ಲಿಂಗ್ ಸೇತುವೆಯ ಬಳಿ ಸ್ಕಾಟರು ಇಂಗ್ಲಿಷ್ ಪಡೆಯನ್ನು ಬಡಿದುಹಾಕಿದ ಸುದ್ದಿ ಬಂದ ಮೇಲೆ ರಾಜನಿಗೆ ಬೇರೆ ದಾರಿ ಉಳಿಯಲಿಲ್ಲ. ಸನ್ನದುಗಳನ್ನು ಮತ್ತೆ ದೃಢಪಡಿಸಿದ. ಹೆಚ್ಚಿನ ಉಣ್ಣೆ ಸುಂಕವನ್ನು ಕೈಬಿಟ್ಟ. ಅಂಥ ನೆರವುಗಳನ್ನು ಇನ್ನುಮುಂದೆ ನಾಡಿನ ಒಪ್ಪಿಗೆ ಇಲ್ಲದೆ ಎತ್ತುವುದಿಲ್ಲವೆಂದು ಬರೆದುಕೊಟ್ಟ.

ಪ್ರತಿನಿಧಿಯಾಗುವುದು ಅಂದು ಎಲ್ಲರೂ ಹಾತೊರೆಯುವ ಪದವಿಯಾಗಿರಲಿಲ್ಲ. ರಾಜನ ಕಚೇರಿಯಿಂದ ಶೆರಿಫನಿಗೆ ಓಲೆ ಹೋಗುತ್ತಿತ್ತು, ಅವನು ಅದನ್ನು ಕೌಂಟಿ ಸಭೆಯಲ್ಲಿ ಓದಿಸಿ ಆಯ್ಕೆ ನಡೆಸುತ್ತಿದ್ದ. ಆಯ್ಕೆಯಾದವನು ತಪ್ಪಿಸಿಕೊಳ್ಳದಂತೆ ಜಾಮೀನುದಾರರನ್ನೂ ಪಡೆಯುತ್ತಿದ್ದ. ಕೌಂಟಿಯ ನೈಟ್‌ಗೆ ದಿನಕ್ಕೆ 4 ಷಿಲಿಂಗ್, ಪಟ್ಟಣದ ಪ್ರತಿನಿಧಿಗೆ 2 ಷಿಲಿಂಗ್ ಭತ್ಯೆ, ಅದನ್ನು ಆಯಾ ಊರೇ ಕೊಡಬೇಕು. ಜೊತೆಗೆ ಹಳ್ಳಿಗಾಡು ಹದಿನೈದನೆಯ ಒಂದು ಪಾಲು ತೆರಿಗೆ ಕಟ್ಟಿದರೆ ಪಾರ್ಲಿಮೆಂಟಿನ ಪಟ್ಟಣಗಳು ಹತ್ತನೆಯ ಒಂದು ಪಾಲು ಕಟ್ಟಬೇಕಿತ್ತು. ಡೆವನ್ ಕೌಂಟಿಯ ಟಾರಿಂಗ್ಟನ್ ಪಟ್ಟಣ 1368ರಲ್ಲಿ ರಾಜನಿಗೆ ಬಿನ್ನಹ ಮಾಡಿಕೊಂಡು ಪ್ರತಿನಿಧಿಗಳನ್ನು ಕಳುಹಿಸುವ ಹೊಣೆಯಿಂದಲೇ ಬಿಡುಗಡೆ ಪಡೆಯಿತು.

ಎರಡನೆಯ ಎಡ್ವರ್ಡನ ಕಾಲ ರಾಜನ ಮೆಚ್ಚಿನವರ ಮತ್ತು ಬ್ಯಾರನ್‌ಗಳ ನಡುವಿನ ರಕ್ತಪಾತದ ಕಾಲ. 1311ರಲ್ಲಿ ಬ್ಯಾರನ್‌ಗಳು ಅವನ ಕೈಕಟ್ಟುವ ಕಟ್ಟಳೆಗಳನ್ನು ಹೇರಿದರು, 1322ರಲ್ಲಿ ಗೆದ್ದ ರಾಜ ಯಾರ್ಕ್ ಶಾಸನದಿಂದ ಅವನ್ನು ಅಳಿಸಿದ. 1327ರ ಜನವರಿಯಲ್ಲಿ ರಾಣಿ ಇಸಬೆಲಾಳ ಪಕ್ಷ ಗೆದ್ದಾಗ ಪಾರ್ಲಿಮೆಂಟು ಸೇರಿತು. ಕೆನಿಲ್‌ವರ್ತ್ ಕೋಟೆಯಲ್ಲಿ ಸೆರೆಯಲ್ಲಿದ್ದ ರಾಜನ ಬಳಿಗೆ ನಿಯೋಗವೊಂದು ಹೋಗಿ ಪಟ್ಟ ಬಿಡಿಸಿತು. ಸಂಚು ಕೆಲವರದು. ಆದರೆ ನಾಡೆಲ್ಲದರ ಹೆಸರಿಲ್ಲದೆ ರಾಜನನ್ನು ಇಳಿಸಲಾಗದೆಂದು ಆ ಸಂಚುಗಾರರಿಗೂ ಅನ್ನಿಸಿತ್ತು.

ಮೂರನೆಯ ಎಡ್ವರ್ಡ್ 1337ರಲ್ಲಿ ಫ್ರಾನ್ಸಿನ ಮೇಲೆ ಶುರುಮಾಡಿದ ಯುದ್ಧ ನೂರು ವರ್ಷ ಮೀರಿ ನಡೆಯಿತು, ಪಾರ್ಲಿಮೆಂಟಿಗೆ ಬಲ ಬಂದದ್ದು ಮುಖ್ಯವಾಗಿ ಅದರಿಂದ. 1340ರ ಶಾಸನ ಪಾರ್ಲಿಮೆಂಟಿನಲ್ಲಿ ಪ್ರಭುಗಳೂ ಕಾಮನ್ಸ್, ಅಂದರೆ ಕೌಂಟಿ ಮತ್ತು ಪಟ್ಟಣಗಳ, ಪ್ರತಿನಿಧಿಗಳೂ ಒಪ್ಪದೆ ತೆರಿಗೆಯಿಲ್ಲ ಎಂದಿತು. ವ್ಯಾಪಾರಿಗಳ ಜೊತೆ ಗುಟ್ಟಾಗಿ ಕುದುರಿಸುತ್ತಿದ್ದ ಉಣ್ಣೆ ಸುಂಕವೂ 1362ರ ಹೊತ್ತಿಗೆ ಪಾರ್ಲಿಮೆಂಟಿನ ಕೈಗೆ ಬಂತು. ಇದೇ ದಶಕಗಳಲ್ಲಿ ಸಭೆ ಎರಡಾಯಿತು. ಬಿಷಪ್ ಮತ್ತು ಪ್ರಭುಗಳು ಅರಮನೆಯ ಕೋಣೆಯಲ್ಲಿ, ಕೌಂಟಿಯ ನೈಟ್‌ಗಳು ಮತ್ತು ಪಟ್ಟಣಿಗರು ಹೆಚ್ಚಾಗಿ ವೆಸ್ಟ್‌ಮಿನ್‌ಸ್ಟರ್ ಮಠದ ಸಭಾಮಂದಿರದಲ್ಲಿ. ಫ್ರಾನ್ಸಿನಲ್ಲಿ ಕುಲೀನರು ಒಂದು ಸಭೆ, ಪಟ್ಟಣಿಗರು ಬೇರೊಂದು ಸಭೆ. ಇಂಗ್ಲೆಂಡಿನಲ್ಲಿ ಭೂಮಾಲೀಕ ನೈಟ್ ಮತ್ತು ಉಣ್ಣೆ ವ್ಯಾಪಾರಿ ಒಂದೇ ಸೂರಿನಡಿ ಕೂತರು. ಇಂಗ್ಲೆಂಡಿನ ಕುಲೀನರಿಗೆ ತೆರಿಗೆ ವಿನಾಯಿತಿಯೂ ಇರಲಿಲ್ಲ. ತಾವೂ ತೆರಬೇಕಾದ್ದರಿಂದ ಅವರು ಖರ್ಚಿನ ಲೆಕ್ಕ ಕೇಳಿದರು. ಎರಡು ದೇಶಗಳ ದಾರಿ ಕವಲೊಡೆದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಿಲ್ಲ.

ಕಾಮನ್ಸ್ ಸಭೆ ತನ್ನ ದನಿಯನ್ನು ಕಂಡುಕೊಂಡದ್ದು 1376ರಲ್ಲಿ. ಯುದ್ಧ ಸೋಲಿನ ಹಾದಿ ಹಿಡಿದಿತ್ತು, ಎಡ್ವರ್ಡ್ ಮುಪ್ಪಿನಿಂದ ಕುಗ್ಗಿದ್ದ, ಅಧಿಕಾರ ಅವನ ಮಗ ಜಾನ್ ಆಫ್ ಗಾಂಟ್ ಕೈಯಲ್ಲಿತ್ತು. ಏಪ್ರಿಲ್ ಕೊನೆಯಲ್ಲಿ ಮತ್ತೆ ತೆರಿಗೆ ಕೇಳಲು ಪಾರ್ಲಿಮೆಂಟು ಕರೆದರು. ಅಂದಿನ ಸಭಾಮಂದಿರದ ಒಳಗೆ ನಡೆದದ್ದನ್ನು ಯಾರ್ಕಿನ ಮಠದಲ್ಲಿ ಬರೆದಿಟ್ಟ ಒಂದು ಬಖೈರು ವಿವರವಾಗಿ ಹೇಳುತ್ತದೆ. ಪ್ರತಿನಿಧಿಗಳು ವೃತ್ತಾಕಾರವಾಗಿ ಕೂತು, ಒಬ್ಬರ ಮಾತನ್ನು ಒಬ್ಬರು ಹೊರಗೆಡಹುವುದಿಲ್ಲವೆಂದು ಆಣೆಯಿಟ್ಟರು. ದಕ್ಷಿಣದ ಕಡೆಯ ಒಬ್ಬ ನೈಟ್ ಎದ್ದು ನಡುವಿನ ಪೀಠದ ಬಳಿ ಹೋಗಿ, ನಾಡು ತೆರಿಗೆ ಕೊಟ್ಟು ಸೊರಗಿದೆ, ಕೊಟ್ಟ ಹಣ ಪೋಲಾಗಿದೆ ಎಂದ. ಆಮೇಲೆ ಒಬ್ಬರ ಹಿಂದೆ ಒಬ್ಬರು. ಕೊನೆಗೆ ಹೆರಿಫರ್ಡ್‌ಷೈರಿನ ಪೀಟರ್ ಡಿ ಲಾ ಮೇರ್ ಎಲ್ಲರ ಮಾತನ್ನೂ ಚೊಕ್ಕವಾಗಿ ಒಟ್ಟುಗೂಡಿಸಿ ಹೇಳಿದ. ಪ್ರಭುಗಳ ಮುಂದೆ ಹೇಳಲೂ ಅವನನ್ನೇ ಆರಿಸಿದರು.

ಕಾಮನ್ಸ್‌ನವರು ಪ್ರಭುಗಳ ಸಭೆಗೆ ಹೋದಾಗ ಕೆಲವರನ್ನಷ್ಟೇ ಒಳಗೆ ಬಿಟ್ಟು ಉಳಿದವರಿಗೆ ಬಾಗಿಲು ಮುಚ್ಚಿದರು. ಡಿ ಲಾ ಮೇರ್ ಬಾಯಿ ತೆರೆಯಲೊಪ್ಪಲಿಲ್ಲ. ತಾನು ಹೇಳುವುದು ಎಲ್ಲರ ಮಾತು, ಎಲ್ಲರೂ ಒಳಗೆ ಬಂದರೆ ಮಾತ್ರ ಹೇಳುವೆ ಎಂದು ಹಟ ಹಿಡಿದ. ಹೊರಗೆ ಚದುರಿದವರನ್ನು ಹುಡುಕಿ ತರಲು ಸುಮಾರು ಎರಡು ಗಂಟೆ ಹಿಡಿಯಿತು. ಆಮೇಲೆ ಅವನು ರಾಜನ ಅರಮನೆ ವ್ಯವಹಾರಗಳ ಮುಖ್ಯಸ್ಥ ಲಾರ್ಡ್ ಲ್ಯಾಟಿಮರ್ ಮತ್ತು ಲಂಡನ್ ವ್ಯಾಪಾರಿ ರಿಚರ್ಡ್ ಲೈಯನ್ಸ್ ಮೇಲೆ ಆಪಾದನೆಗಳನ್ನಿಟ್ಟ. ರಾಜನಿಗೆ 20,000 ಮಾರ್ಕ್ ಸಾಲ ಕೊಡಿಸಿ, ಬೊಕ್ಕಸದಿಂದ 20,000 ಪೌಂಡು ಮರುಪಾವತಿಯಾಗುವಂತೆ ಮಾಡಿದರೆಂಬುದು ಅದರಲ್ಲಿ ಒಂದು. ಆಪಾದಿಸುವವರು ಯಾರೆಂಬ ಪ್ರಶ್ನೆ ಬಂದಾಗ, ಕಾಮನ್ಸ್ ಎಲ್ಲರೂ ಒಟ್ಟಾಗಿ ಎಂದು ಉತ್ತರ ಬಂತು. ಕಾಮನ್ಸ್ ಆಪಾದಿಸುವುದು, ಪ್ರಭುಗಳು ವಿಚಾರಣೆ ಮಾಡುವುದು ಎಂಬ ಮಹಾಭಿಯೋಗದ ಪದ್ಧತಿ ಹೀಗೆ ಹುಟ್ಟಿತು. ಇಬ್ಬರೂ ಶಿಕ್ಷೆಗೊಳಗಾದರು. ಸಭೆ ಚದುರಿದ ಮೇಲೆ ಗಾಂಟ್ ಎಲ್ಲವನ್ನೂ ತಿರುಗುಮುರುಗು ಮಾಡಿ ಡಿ ಲಾ ಮೇರನನ್ನು ಸೆರೆಗೆ ತಳ್ಳಿದ. ಆದರೆ ರಾಜ ಸತ್ತೊಡನೆ, 1377ರ ಅಕ್ಟೋಬರಿನ ಪಾರ್ಲಿಮೆಂಟಿನಲ್ಲಿ, ಬಿಡುಗಡೆಯಾದ ಡಿ ಲಾ ಮೇರ್ ಮತ್ತೆ ಕಾಮನ್ಸ್‌ನ ಸ್ಪೀಕರ್ ಆದ.

ಈ ಕಾಮನ್ಸ್ ನಾಡಿನ ಎಲ್ಲರ ಸಭೆಯಾಗಿರಲಿಲ್ಲ ಎಂಬುದನ್ನು 1381 ತೋರಿಸಿತು. ನಾಲ್ಕು ವರ್ಷದಲ್ಲಿ ಮೂರು ಸಲ ಪಾರ್ಲಿಮೆಂಟು ತಲೆಗಂದಾಯಕ್ಕೆ ಒಪ್ಪಿತು. ಮೊದಲ ಸಲ ತಲೆಗೆ 4 ಪೆನ್ನಿ, ಮೂರನೆಯ ಸಲ 12 ಪೆನ್ನಿ. ದಾಖಲೆಯಲ್ಲಿ ತೆರಿಗೆದಾರರ ಸಂಖ್ಯೆ ಸುಮಾರು 13.5 ಲಕ್ಷದಿಂದ 9 ಲಕ್ಷಕ್ಕೆ ಇಳಿಯಿತು. ಜನ ಸತ್ತಿರಲಿಲ್ಲ, ಅಡಗಿದ್ದರು. ತಪ್ಪಿಸಿಕೊಂಡವರನ್ನು ಹುಡುಕಲು ಅಧಿಕಾರಿಗಳು ಹಳ್ಳಿಗಳಿಗೆ ಬಂದಾಗ ಎಸೆಕ್ಸ್ ಮತ್ತು ಕೆಂಟಿನ ರೈತರು ಸಿಡಿದೆದ್ದು ಲಂಡನ್ನಿಗೆ ನುಗ್ಗಿದರು, ಚಾನ್ಸೆಲರ್ ಆಗಿದ್ದ ಆರ್ಚ್‌ಬಿಷಪ್ ಸಡ್ಬರಿಯ ತಲೆ ಕಡಿದರು. ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡ್ ಜೀತಮುಕ್ತಿಯ ಪತ್ರಗಳನ್ನು ಕೊಟ್ಟು, ಬಂಡಾಯ ಅಡಗಿದ ಮೇಲೆ ರದ್ದುಮಾಡಿದ. ನವೆಂಬರಿನಲ್ಲಿ ಸೇರಿದ ಪಾರ್ಲಿಮೆಂಟನ್ನು ಜೀತ ತೆಗೆಯಲು ಒಪ್ಪುವಿರಾ ಎಂದು ಕೇಳಿದರೆ ಪ್ರಭುಗಳೂ ಕಾಮನ್ಸ್‌ನವರೂ ಒಂದೇ ಬಾಯಿಯಿಂದ ಇಲ್ಲವೆಂದರು. ಪಾರ್ಲಿಮೆಂಟಿನ ಚರಿತ್ರೆಯನ್ನು ಸ್ವಾತಂತ್ರ್ಯದ ಚರಿತ್ರೆಯೆಂದೇ ಬರೆಯುವವರು ಈ ಪುಟವನ್ನು ಹಾರಿಸಬಾರದು.

ರಿಚರ್ಡ್ ಬೆಳೆದ ಮೇಲೆ ಪಾರ್ಲಿಮೆಂಟಿನೊಡನೆ ನೇರ ಘರ್ಷಣೆಗಿಳಿದ. 1386ರಲ್ಲಿ ಚಾನ್ಸೆಲರ್ ಮೈಕೇಲ್ ಡಿ ಲಾ ಪೋಲ್‌ನನ್ನು ತೆಗೆಯಿರಿ ಎಂದಾಗ, ನಿಮ್ಮ ಮಾತಿಗೆ ನನ್ನ ಅಡುಗೆಮನೆಯ ಆಳನ್ನೂ ತೆಗೆಯಲಾರೆ ಎಂಬ ಅರ್ಥದ ಉತ್ತರ ಕೊಟ್ಟ. ಎರಡನೆಯ ಎಡ್ವರ್ಡನ ಗತಿಯನ್ನು ನೆನಪಿಸಿದ ಮೇಲೆ ಮಣಿದ. ಹನ್ನೊಂದು ವರ್ಷ ಕಾದು 1397ರಲ್ಲಿ ಸೇಡು ತೀರಿಸಿಕೊಂಡ, ಪಾರ್ಲಿಮೆಂಟನ್ನು ತನ್ನ ಬಿಲ್ಲುಗಾರರ ಕಾವಲಿನಲ್ಲಿ ಕೂರಿಸಿ. 1399ರ ಸೆಪ್ಟೆಂಬರ್ 30ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಖಾಲಿ ಸಿಂಹಾಸನದ ಮುಂದೆ ಅವನ ಮೇಲಿನ 33 ಆಪಾದನೆಗಳು ಹೊರಬಂದವು. ನಾಡಿನ ಕಾನೂನು ತನ್ನ ಬಾಯಲ್ಲೋ ಎದೆಯಲ್ಲೋ ಇದೆ ಎಂದು ಅವನು ಹೇಳುತ್ತಿದ್ದನೆಂಬುದು ಅವುಗಳಲ್ಲೊಂದು. ರಿಚರ್ಡನನ್ನು ಇಳಿಸಿ ಅವನ ದಾಯಾದಿ ನಾಲ್ಕನೆಯ ಹೆನ್ರಿಗೆ ಪಟ್ಟ ಕಟ್ಟಲಾಯಿತು.

ಹೊಸ ದೊರೆಯ ಹಕ್ಕು ಅಷ್ಟು ಗಟ್ಟಿಯಾಗಿರಲಿಲ್ಲ, ಬೊಕ್ಕಸವೂ ಬರಿದು. ಕಾಮನ್ಸ್ ಈ ಸಂದರ್ಭವನ್ನು ಚೆನ್ನಾಗಿ ಬಳಸಿತು. 1406ರ ಪಾರ್ಲಿಮೆಂಟು ಮಾರ್ಚಿನಿಂದ ಡಿಸೆಂಬರಿನವರೆಗೆ ಬಿಟ್ಟು ಬಿಟ್ಟು ಕೂತು, ತೆರಿಗೆಯ ಲೆಕ್ಕ ಪರಿಶೋಧನೆಗೆ ರಾಜನನ್ನು ಒಪ್ಪಿಸಿತು. 1407ರಲ್ಲಿ ಗ್ಲಾಸ್ಟರಿನಲ್ಲಿ ಹೆನ್ರಿ ಎಷ್ಟು ತೆರಿಗೆ ಬೇಕೆಂದು ಮೊದಲು ಪ್ರಭುಗಳೊಡನೆ ಗೊತ್ತುಮಾಡಿಕೊಂಡಾಗ ಕಾಮನ್ಸ್ ಕೆರಳಿತು. ಎರಡೂ ಸಭೆಗಳು ಒಪ್ಪುವವರೆಗೆ ರಾಜನಿಗೆ ಏನನ್ನೂ ತಿಳಿಸಬಾರದು, ಒಪ್ಪಿದ ಮೇಲೆ ಕಾಮನ್ಸ್ ಸ್ಪೀಕರನ ಬಾಯಿಂದಲೇ ಅದು ಬರಬೇಕು ಎಂದು ಹೆನ್ರಿ ಒಪ್ಪಿಕೊಂಡ. ಹಣದ ವಿಷಯದಲ್ಲಿ ಕೆಳಮನೆಯದೇ ಮೊದಲ ಮಾತು ಎಂಬ ಪದ್ಧತಿಯ ಬೇರು ಇಲ್ಲಿದೆ. ಭಾರತದ ಸಂವಿಧಾನ ಆ ಪದ್ಧತಿಯನ್ನೇ ತೆಗೆದುಕೊಂಡಿತು. ಕರ್ನಾಟಕದಲ್ಲಿ ಧನ ವಿಧೇಯಕವನ್ನು ವಿಧಾನ ಪರಿಷತ್ತಿನಲ್ಲಿ ಮಂಡಿಸುವಂತಿಲ್ಲ ಎಂಬ 198ನೆಯ ವಿಧಿಯ ನಿಯಮ ಈ ವಂಶದ್ದೇ.

ಕಾನೂನು ಮಾಡುವ ಅಧಿಕಾರ ಇನ್ನೂ ಮೆಲ್ಲಗೆ ಬಂತು. ಕಾಮನ್ಸ್ ಅರ್ಜಿ ಕೊಡುವುದು, ರಾಜ ಒಪ್ಪಿದರೆ ಅವನ ಅಧಿಕಾರಿಗಳು ಶಾಸನವಾಗಿ ಬರೆಯುವುದು ಹಳೆಯ ಕ್ರಮ. ಬರೆಯುವಾಗ ಅರ್ಥವೇ ಬದಲಾಗುತ್ತಿತ್ತೆಂಬ ದೂರಿತ್ತು. ಕೇಳಿದ್ದಕ್ಕೆ ವಿರುದ್ಧವಾದದ್ದನ್ನು ಕಾಮನ್ಸ್ ಒಪ್ಪಿಗೆಯಿಲ್ಲದೆ ಸೇರಿಸುವುದಿಲ್ಲವೆಂದು 1414ರಲ್ಲಿ ಐದನೆಯ ಹೆನ್ರಿ ಮಾತುಕೊಟ್ಟ. ಆ ಶತಮಾನದಲ್ಲಿ ಅರ್ಜಿಯ ಬದಲು ಶಾಸನದ ರೂಪದಲ್ಲೇ ಸಿದ್ಧವಾದ ಮಸೂದೆಗಳು ರೂಢಿಗೆ ಬಂದವು. ಇನ್ನೊಂದೆಡೆ ಮತದಾರರ ವಲಯ ಕಿರಿದಾಯಿತು. ಕೌಂಟಿ ಆಯ್ಕೆಗೆ ಅಲ್ಪಸ್ವಲ್ಪ ಆಸ್ತಿಯವರು ಗುಂಪುಗಟ್ಟಿ ಬರುತ್ತಾರೆಂಬ ಕಾರಣ ಕೊಟ್ಟು, ವರ್ಷಕ್ಕೆ 40 ಷಿಲಿಂಗ್ ಹುಟ್ಟುವಳಿಯ ಸ್ವಂತ ಜಮೀನುಳ್ಳವರಿಗಷ್ಟೇ ಮತವೆಂದು 1429ರ ಪಾರ್ಲಿಮೆಂಟು ವಿಧಿಸಿತು. 1832ರವರೆಗೂ ಕೌಂಟಿಗಳಲ್ಲಿ ಅದೇ ನಿಯಮ ನಡೆಯಿತು.

ರಾಜಮನೆತನದ ಎರಡು ಕವಲುಗಳು ಪಟ್ಟಕ್ಕಾಗಿ ಕಾದಾಡಿದ ಗುಲಾಬಿಗಳ ಯುದ್ಧಗಳ ಕಾಲದಲ್ಲಿ ಪಾರ್ಲಿಮೆಂಟು ಗೆದ್ದವರ ಮುದ್ರೆಯಾಯಿತು. ಸೋತವರನ್ನು ದ್ರೋಹಿಗಳೆಂದು ಸಾರಿ ಅವರ ಆಸ್ತಿ ಕಿತ್ತುಕೊಳ್ಳುವುದು ಅದರ ಕೆಲಸ. ನಾಲ್ಕನೆಯ ಎಡ್ವರ್ಡ್ ತನ್ನ ಸ್ವಂತ ಆದಾಯದಲ್ಲೇ ಬದುಕುವೆನೆಂದು 1467ರಲ್ಲಿ ಕಾಮನ್ಸ್‌ಗೆ ಹೇಳಿದ. 1475ರಲ್ಲಿ ಫ್ರಾನ್ಸಿನ ರಾಜ ವರ್ಷಕ್ಕೆ 50,000 ಚಿನ್ನದ ಕ್ರೌನ್ ಕೊಡಲೊಪ್ಪಿದ ಮೇಲೆ ಪಾರ್ಲಿಮೆಂಟು ಕರೆಯುವ ತುರ್ತು ಅವನಿಗೆ ಉಳಿಯಲಿಲ್ಲ. ಎಂಟು ವರ್ಷದಲ್ಲಿ ಎರಡೇ ಸಲ ಕರೆದ. ಕೊಡುಗೆಯ ಹೆಸರಿನಲ್ಲಿ ಸಿರಿವಂತರಿಂದ ಹಣ ವಸೂಲಿ ಮಾಡುವ ದಾರಿಯನ್ನೂ ಅವನೇ ತೆರೆದ. 1484ರಲ್ಲಿ ಮೂರನೆಯ ರಿಚರ್ಡನ ಪಾರ್ಲಿಮೆಂಟು ಅದನ್ನು ನಿಷೇಧಿಸಿತು. ಮರುವರ್ಷ ಪಟ್ಟಕ್ಕೆ ಬಂದ ಏಳನೆಯ ಹೆನ್ರಿ 24 ವರ್ಷದ ಆಳ್ವಿಕೆಯಲ್ಲಿ ಏಳು ಪಾರ್ಲಿಮೆಂಟು ಕರೆದ, 1497ರ ನಂತರ ಒಂದೇ ಒಂದು. ಯಾವಾಗ ಕರೆಯಬೇಕು, ಯಾವಾಗ ಚದುರಿಸಬೇಕು ಎಂಬುದು ಆಗಲೂ ರಾಜನ ಇಚ್ಛೆ. ಆದರೆ ಇದೇ ಕಾಲದಲ್ಲಿ ಫ್ರಾನ್ಸಿನ ರಾಜ ಒಪ್ಪಿಗೆ ಕೇಳದೆ ವರ್ಷವರ್ಷವೂ ಕಂದಾಯ ಎತ್ತುತ್ತಿದ್ದ, ಅಲ್ಲಿನ ಮಹಾಸಭೆ 1484ರಿಂದ 1560ರವರೆಗೆ ಸೇರಲೇ ಇಲ್ಲ.

ಇಂಗ್ಲೆಂಡಿನಲ್ಲಿ ಹಳೆಯ ಶಾಸನಗಳು ಕಡತದಲ್ಲಿ ಜೀವಂತವಾಗಿದ್ದವು. 1628ರಲ್ಲಿ ಒಂದನೆಯ ಚಾರ್ಲ್ಸ್ ಬಲವಂತದ ಸಾಲ ಎತ್ತಿ, ಕೊಡದವರನ್ನು ಸೆರೆಗೆ ಹಾಕಿದಾಗ ಪಾರ್ಲಿಮೆಂಟು ಅವನ ಮುಂದಿಟ್ಟ ಹಕ್ಕಿನ ಬಿನ್ನಹಪತ್ರ ಒಂದನೆಯ ಎಡ್ವರ್ಡನ ಕಾಲದ ತೆರಿಗೆ ಕಟ್ಟಳೆಯಿಂದ ಶುರುವಾಗುತ್ತದೆ. ಮೂರನೆಯ ಎಡ್ವರ್ಡನ ಶಾಸನಗಳನ್ನೂ ಮ್ಯಾಗ್ನಾ ಕಾರ್ಟಾವನ್ನೂ ಉದಾಹರಿಸುತ್ತದೆ. ಚಾರ್ಲ್ಸ್ ಆ ಪತ್ರಕ್ಕೆ 1628ರ ಜೂನ್ 7ರಂದು ಒಪ್ಪಿಗೆ ಕೊಟ್ಟ.